ಯಾವ ಸ್ವೀನಿ, ಯಾವ ಜೂಡಸ್? ಬ್ರಾಡ್‌ವೇ ಆಲ್ಬಂಗಳ ಒಂದು ಹೋಲಿಕೆ

ನ್ಯೂಯಾರ್ಕಿನ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯ ಸಂಗೀತ ನಾಟಕಗಳ ಹುಚ್ಚು ಹಿಡಿದವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ: ಮೊದಲ ತಾರಾಗಣ ಹಾಡಿದ ಆಲ್ಬಮ್ಮೇ ಪ್ರಮಾಣ, ಆಮೇಲೆ ಬಂದದ್ದೆಲ್ಲ ಸಪ್ಪೆ. ನ್ಯೂಯಾರ್ಕಿನಲ್ಲಿ ನಾಟಕ ನೋಡಿ ಬಂದು, ಅದರ ನೆನಪಿಗೆಂದು ಮನೆಯಲ್ಲಿ ಹಾಡು ಹಾಕಿಕೊಳ್ಳುವವರಿಗೆ ಇದು ಸರಿಯಿರಬಹುದು. ನನ್ನಂಥವನ ಲೆಕ್ಕ ಬೇರೆ. ಆ ರಂಗಮಂದಿರಗಳ ಮೆಟ್ಟಿಲನ್ನೇ ಹತ್ತದ ನನಗೆ ವೇಷವಿಲ್ಲ, ಬೆಳಕಿಲ್ಲ, ನಟಿಯ ಹುಬ್ಬು ಏರಿದ್ದು ಕಾಣುವುದಿಲ್ಲ. ಇರುವುದು ಎರಡು ಕಿವಿ. ಆದ್ದರಿಂದ ನಾನು ಆಲ್ಬಮ್ಮಿನಿಂದ ಕೇಳುವುದೂ ಇಷ್ಟೇ: ಈಗ ಹಾಡುತ್ತಿರುವವರು ಯಾರು, ಯಾರನ್ನು ಉದ್ದೇಶಿಸಿ, ಈ ಹಾಡು ಈಗಲೇ ಏಕೆ ಬಂತು ಎಂಬುದು ಧ್ವನಿಯಿಂದಲೇ ತಿಳಿಯಬೇಕು. ಈ ಒಂದು ಅಳತೆಗೋಲು ಹಿಡಿದು ಒಂದೇ ನಾಟಕದ ಬೇರೆ ಬೇರೆ ಧ್ವನಿಮುದ್ರಣಗಳನ್ನು ಬೆನ್ನು ಬೆನ್ನಿಗೆ ಕೇಳುತ್ತ ಬಂದಿದ್ದೇನೆ. ತೀರ್ಪು ಯಾವಾಗಲೂ ಮೂಲದ ಪರವಾಗಿ ಬಂದಿಲ್ಲ.

ಹಳೆಯ ಆಲ್ಬಂಗಳು ಕತೆ ಹೇಳದಿದ್ದರೆ ತಪ್ಪು ಅವುಗಳದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1943ರಲ್ಲಿ ‘ಓಕ್ಲಹೋಮಾ!’ ನಾಟಕದ ಹಾಡುಗಳನ್ನು ಡೆಕ್ಕಾ ಕಂಪನಿ ಮೂಲ ನಟರಿಂದಲೇ ಹಾಡಿಸಿ ಪ್ಲೇಟುಗಳ ಕಟ್ಟಾಗಿ ಮಾರಿತು. ಆ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು-ನಾಲ್ಕು ನಿಮಿಷ ಮಾತ್ರ. 1948ರಲ್ಲಿ ಕೊಲಂಬಿಯಾ ಕಂಪನಿ ಹೆಚ್ಚು ಹೊತ್ತು ಓಡುವ ಎಲ್‌ಪಿ ಪ್ಲೇಟು ತಂದ ಮೇಲೆ ಉಸಿರಾಡಲು ಜಾಗ ಸಿಕ್ಕಿತು. ಅಲ್ಲಿಯವರೆಗೆ ಹಾಡು ಪ್ಲೇಟಿಗೆ, ಕತೆ ರಂಗಕ್ಕೆ ಎಂಬುದೇ ವ್ಯವಸ್ಥೆ. ನಮ್ಮ ಕಂಪನಿ ನಾಟಕಗಳ ರಂಗಗೀತೆಗಳನ್ನು ಕೇಳಿದವರಿಗೆ ಇದು ಗೊತ್ತಿರುವ ಸಂಗತಿ. ಹಾಡು ಬಾಯಿಪಾಠವಾಗಿರುತ್ತದೆ, ಅದು ಯಾವ ದೃಶ್ಯದ್ದು ಎಂದು ಕೇಳಿದರೆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ನನ್ನ ಹೋಲಿಕೆಯ ದೊಡ್ಡ ಪಾಲು ಸ್ಟೀಫನ್ ಸಾಂಡ್‌ಹೈಮರು ಹಾಡು, ಸಂಗೀತ ಬರೆದ ‘ಸ್ವೀನಿ ಟಾಡ್’ಗೆ ಮೀಸಲು. ಅನ್ಯಾಯವಾಗಿ ಗಡೀಪಾರಾಗಿದ್ದ ಲಂಡನ್ನಿನ ಕ್ಷೌರಿಕನೊಬ್ಬ ಹಿಂದಿರುಗಿ ಬಂದು, ಸೇಡಿನ ಹುಚ್ಚಿನಲ್ಲಿ ಗಿರಾಕಿಗಳ ಕತ್ತು ಕೊಯ್ಯುತ್ತಾನೆ. ಕೆಳಗಿನ ಅಂಗಡಿಯ ಮಿಸೆಸ್ ಲವೆಟ್ ಆ ಹೆಣಗಳನ್ನು ಪೈಗಳಿಗೆ ತುಂಬಿ ಮಾರುತ್ತಾಳೆ. ನನ್ನ ಬಳಿ ಇರುವುದು ನಾಲ್ಕು ಸ್ವೀನಿಗಳು: 1979ರ ಮೂಲ, ಪಾತ್ರಧಾರಿಗಳೇ ವಾದ್ಯ ನುಡಿಸುವ 2005ರ ಮರುಪ್ರಯೋಗ, 2007ರ ಚಲನಚಿತ್ರ ಮತ್ತು 2023ರ ಮರುಪ್ರಯೋಗ.

1979ರ ಆಲ್ಬಂ ಆರ್ಗನ್ನಿನಿಂದ ಶುರುವಾಗಿ, ಕಾರ್ಖಾನೆಯ ಸೀಟಿಯೊಂದು ಕಿವಿಯ ತಮಟೆ ಹರಿಯುವಂತೆ ಕೂಗಿದಾಗ ನಿಜವಾಗಿ ಆರಂಭವಾಗುತ್ತದೆ. ಅನಂತರ ಜನಸಮೂಹದ ಒಬ್ಬೊಬ್ಬರೇ ಎದ್ದು ಕತೆಯ ಒಂದೊಂದು ಎಳೆ ಹಾಡುತ್ತಾರೆ, ಕೊನೆಗೆ ಎಲ್ಲರೂ ಸೇರಿ ಮೈಮೇಲೆ ಬೀಳುತ್ತಾರೆ. ನಿರ್ಮಾಪಕ ಥಾಮಸ್ ಶೆಪರ್ಡ್ ಇದನ್ನು ಎರಡು ಎಲ್‌ಪಿಗಳಷ್ಟು ಉದ್ದಕ್ಕೆ ಬಿಟ್ಟದ್ದರಿಂದ ಹಾಡುಗಳ ನಡುವಿನ ಕತೆಯೂ ಒಳಗೆ ಬಂದಿದೆ. ಲವೆಟ್ ಆಗಿರುವ ಆಂಜೆಲಾ ಲ್ಯಾನ್ಸ್‌ಬರಿಯವರ ಮೊದಲ ಹಾಡು ಲಂಡನ್ನಿನ ಅತಿ ಕೆಟ್ಟ ಪೈಗಳ ಬಗ್ಗೆ. ಸಾಂಡ್‌ಹೈಮರು ಆ ಹಾಡಿನಲ್ಲಿ ಹಿಟ್ಟು ಬಡಿಯಲು, ಹುಳ ಹೊಡೆಯಲು, ದೂಳು ಊದಲು ಎಂದೇ ಸಾಲುಗಳನ್ನು ತುಂಡರಿಸಿ ಜಾಗ ಬಿಟ್ಟಿದ್ದಾರೆ. ಲ್ಯಾನ್ಸ್‌ಬರಿ ಆ ಜಾಗಗಳನ್ನು ಉಸಿರು, ಏದುಸಿರು, ಗೊಣಗಾಟಗಳಿಂದ ತುಂಬುತ್ತಾರೆ. ಬಹಳ ದಿನದಿಂದ ಗಿರಾಕಿಯ ಮುಖ ಕಾಣದ ಹೆಂಗಸು, ಬಂದವನು ಎದ್ದು ಹೋಗದಿರಲಿ ಎಂದು ಬಡಬಡಿಸುತ್ತಿರುವುದು ಕಣ್ಣಿಗೆ ಕಟ್ಟುತ್ತದೆ. ಲೆನ್ ಕ್ಯಾರಿಯು ಅವರ ಸ್ವೀನಿಯ ಗಂಟಲು ಅಲ್ಲಲ್ಲಿ ಒರಟು. ಮಗಳನ್ನೂ ಹೆಂಡತಿಯನ್ನೂ ಕಳೆದುಕೊಂಡವನಿಗೆ ಇನ್ನೆಂಥ ಗಂಟಲು ಇರಬೇಕು?

ಈ ಆಲ್ಬಮ್ಮಿನಲ್ಲಿ ಕನ್ನಡಿಗನ ಕಿವಿ ನಿಮಿರುವ ಜಾಗವೊಂದಿದೆ. ಎರಡನೆಯ ಅಂಕದಲ್ಲಿ ಪೊಲೀಸನಂಥ ಅಧಿಕಾರಿ ಬೀಡಲ್ ಪೈ ಅಂಗಡಿಗೆ ತಪಾಸಣೆಗೆ ಬಂದು, ಲವೆಟ್ಟಳ ಹಾರ್ಮೋನಿಯಂ ಎದುರು ಕುಳಿತು ಚಪ್ಪಟೆ ಹಾಡುಗಳನ್ನು ಒಂದರ ಹಿಂದೆ ಒಂದು ಒದರುತ್ತಾನೆ. ಕೆಳಗಿನ ಒಲೆಮನೆಯಲ್ಲಿ ಗುಟ್ಟು ಬಯಲಾಗುವ ಹೊತ್ತು, ಮೇಲೆ ಈತನ ಹಾಡು ಮುಗಿಯುತ್ತಲೇ ಇಲ್ಲ. ಕಾಲು ಹಾರ್ಮೋನಿಯಂ ಮುಂದೆ ಮೈಮರೆತು ಕುಳಿತ ಮೇಷ್ಟ್ರನ್ನು ಎಬ್ಬಿಸುವುದು ಎಷ್ಟು ಕಷ್ಟವೆಂದು ಕಂಪನಿ ನಾಟಕ ನೋಡಿದವರಿಗೆ ವಿವರಿಸಬೇಕಾಗಿಲ್ಲ.

2005ರ ಪ್ರಯೋಗದಲ್ಲಿ ನಿರ್ದೇಶಕ ಜಾನ್ ಡಾಯ್ಲ್ ವಾದ್ಯವೃಂದವನ್ನೇ ಮನೆಗೆ ಕಳುಹಿಸಿದರು. ಹತ್ತು ಜನ ನಟರು, ಅವರ ಕೈಯಲ್ಲೇ ವಾದ್ಯಗಳು. ಲವೆಟ್ ಆಗಿದ್ದ ಪ್ಯಾಟಿ ಲುಪೋನ್ ಟ್ಯೂಬಾ ಊದಿದರು. ನೋಡಿದವರೆಲ್ಲ ಬೆರಗಾಗಿ ಬರೆದಿದ್ದಾರೆ. ಕೊಲೆಯಾದಾಗಲೆಲ್ಲ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ಕೆಂಪು ನೀರು ಸುರಿಯುವ ದೃಶ್ಯ ಅದರ ಹೆಗ್ಗುರುತು. ಸರಿ, ಆ ಬಕೆಟ್ಟು ನನಗೆ ಕಾಣುವುದಿಲ್ಲವಲ್ಲ! ಆಲ್ಬಮ್ಮಿನಲ್ಲಿ ಉಳಿದದ್ದು ತೆಳುವಾದ, ಎಲುಬು ಎದ್ದ ಸಂಗೀತ. ನಟನೇ ನುಡಿಸುತ್ತಿದ್ದಾನೆ ಎಂಬ ಸಾಹಸ ಧ್ವನಿಯಲ್ಲಿ ಇಳಿಯುವುದಿಲ್ಲ, ವಾದ್ಯ ಕಡಿಮೆ ಎಂಬುದಷ್ಟೇ ಇಳಿಯುತ್ತದೆ. ಹಾಗೆಂದು ಎತ್ತಿ ಎಸೆಯುವಂತಿಲ್ಲ. ಮೈಕೆಲ್ ಸರ್ವೆರಿಸರ ಸ್ವೀನಿ ನಾಲ್ವರಲ್ಲಿ ಅತಿ ತಣ್ಣನೆಯವನು, ಪಿಟೀಲು ಚೆಲ್ಲೋಗಳ ಆ ಬಡತನದಲ್ಲಿ ಅವನ ಧ್ವನಿ ಹುಚ್ಚಾಸ್ಪತ್ರೆಯ ಗೋಡೆಗೆ ಬಡಿದು ಬಂದಂತಿದೆ. ನಾಟಕವನ್ನು ಚೆನ್ನಾಗಿ ಬಲ್ಲವರು ರಾತ್ರಿ ಕೇಳಬೇಕಾದದ್ದು ಇದು. ಹೊಸಬರಿಗೆ ಕೊಟ್ಟರೆ ಓಡಿ ಹೋಗುತ್ತಾರೆ.

ಟಿಮ್ ಬರ್ಟನ್ನರ ಚಿತ್ರದ್ದು ಬೇರೆಯೇ ರೋಗ. ವಾದ್ಯವೃಂದ ಭರ್ಜರಿ, ಹಾಡುವವರು ಪಿಸುಗುಡುತ್ತಾರೆ. ಜಾನಿ ಡೆಪ್ ಮತ್ತು ಹೆಲೆನಾ ಬೊನಮ್ ಕಾರ್ಟರ್ ಕ್ಯಾಮೆರಾ ಮೂಗಿನ ಹತ್ತಿರ ಇದೆ ಎಂಬ ಧೈರ್ಯದಿಂದ ಹಾಡಿದ್ದಾರೆ, ಪರದೆಯ ಮೇಲೆ ಅದು ಒಪ್ಪುತ್ತದೆ. ಪರದೆ ತೆಗೆದರೆ ಲವೆಟ್ಟಳ ಹಾಸ್ಯ ಆವಿಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಜನಸಮೂಹ ಹಾಡುವ ಆ ಲಾವಣಿಯನ್ನು ಚಿತ್ರದಲ್ಲಿ ಹಾಡಿಸಿಯೇ ಇಲ್ಲ. ಅದರ ಧಾಟಿ ಮಾತ್ರ ವಾದ್ಯದಲ್ಲಿ ಕೇಳುತ್ತದೆ. ಭಾಗವತನಿಲ್ಲದ ಯಕ್ಷಗಾನ ಎಂದುಕೊಳ್ಳಿ. ಲಂಡನ್ ನಗರವೇ ಸಾಕ್ಷಿಯಾಗಿ ನಿಂತು ಹೇಳಬೇಕಾದ ಕತೆ ಇಬ್ಬರು ಕೊಲೆಗಡುಕರ ಖಾಸಗಿ ವ್ಯವಹಾರವಾಗಿಬಿಟ್ಟಿದೆ.

2023ರದ್ದು ಬಂದಾಗ ನಾನು ಕೇಳುವ ಮೊದಲೇ ಮೂಗು ಮುರಿದಿದ್ದೆ. ಜೋಶ್ ಗ್ರೋಬನ್ನರದ್ದು ಜೇನಿನಂಥ ಕಂಠ ಎಂದು ಲೋಕಕ್ಕೆಲ್ಲ ಗೊತ್ತು. ಕತ್ತು ಕೊಯ್ಯುವವನಿಗೆ ಜೇನು ಯಾಕೆ? ಆದರೆ ಎರಡನೆಯ ಅಂಕದ ‘ಜೊಹಾನಾ’ ಹಾಡಿನಲ್ಲಿ ನಾಲ್ಕು ಆಲ್ಬಂಗಳನ್ನೂ ಸಾಲಾಗಿ ಇಟ್ಟು ಕೇಳಿದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸ್ವೀನಿ ಕಣ್ಮರೆಯಾದ ಮಗಳನ್ನು ನೆನೆಯುತ್ತ ಅತ್ಯಂತ ಮಧುರವಾದ ಧಾಟಿಯೊಂದನ್ನು ಹಾಡುತ್ತಾನೆ, ಹಾಡುತ್ತಲೇ ಒಬ್ಬೊಬ್ಬ ಗಿರಾಕಿಯ ಕತ್ತು ಸೀಳುತ್ತಾನೆ. ಇತ್ತ ಅವಳ ಪ್ರೇಮಿ ಆಂಟನಿ ಬೀದಿ ಬೀದಿ ಹುಡುಕುತ್ತಿದ್ದಾನೆ, ನಡುವೆ ಭಿಕ್ಷುಕಿಯೊಬ್ಬಳು ಹೊಗೆಯ ನಾತ ಎಂದು ಚೀರುತ್ತಾಳೆ. ಈ ಹಾಡಿನ ಭಯವಿರುವುದು ಧಾಟಿ ಎಲ್ಲಿಯೂ ಒಡೆಯದಿರುವುದರಲ್ಲಿ. ಕ್ಯಾರಿಯು ಇಲ್ಲಿ ದಣಿದ ತಂದೆ. ಸರ್ವೆರಿಸ್ ಶೂನ್ಯ. ಡೆಪ್ ತನ್ನೊಳಗೇ ಗುನುಗುತ್ತಾರೆ. ಗ್ರೋಬನ್ ಪೂರ್ತಿ ಕಂಠದಲ್ಲಿ, ಒಂದು ಸ್ವರವೂ ಅಲುಗದಂತೆ ಹಾಡುತ್ತಾರೆ, ಆ ಸೌಂದರ್ಯವೇ ಅಸಹ್ಯ ಹುಟ್ಟಿಸುತ್ತದೆ. ಜೊನಾಥನ್ ಟ್ಯೂನಿಕ್ ಮೂಲಕ್ಕೆ ಮಾಡಿಕೊಟ್ಟಿದ್ದ ವಾದ್ಯಸಂಯೋಜನೆಯನ್ನೇ 26 ವಾದ್ಯಗಾರರೊಂದಿಗೆ ಬಳಸಿರುವುದರಿಂದ ಹಿಂದಿನ ಸಣ್ಣ ಸಣ್ಣ ಎಳೆಗಳು ಹೊಸ ಮುದ್ರಣದ ಸ್ಪಷ್ಟತೆಯಲ್ಲಿ ಬೇರೆಬೇರೆಯಾಗಿ ಕೇಳುತ್ತವೆ. ಲವೆಟ್ ಆಗಿರುವ ಆ್ಯನಲೀ ಆ್ಯಶ್‌ಫರ್ಡ್ ಮಾತ್ರ ನನಗೆ ಅತಿಯೆನಿಸಿತು. ಸಭೆ ನಗಲೆಂದು ಹಿಗ್ಗಿಸಿದ ಕಡೆಗಳು ಎದುರಿಗೆ ಸಭೆಯಿಲ್ಲದ ಆಲ್ಬಮ್ಮಿನಲ್ಲಿ ಜೋತುಬೀಳುತ್ತವೆ. ಕತೆಗೆ 1979, ಜೊಹಾನಾಗೆ 2023 ಎಂದು ಇಟ್ಟುಕೊಂಡಿದ್ದೇನೆ.

ಯೇಸುವಿನ ಕೊನೆಯ ದಿನಗಳ ಕತೆಯಾದ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ನಲ್ಲಿ ಮೂಲ ಯಾವುದು ಎಂಬುದೇ ತಲೆಕೆಳಗು. ಆಂಡ್ರ್ಯೂ ಲಾಯ್ಡ್ ವೆಬರ್ ಮತ್ತು ಟಿಮ್ ರೈಸ್ ಎಂಬ ಇಬ್ಬರು ತರುಣರಿಗೆ ಇದನ್ನು ರಂಗಕ್ಕೆ ತರುವ ಧಣಿ ಸಿಗದೆ, 1970ರಲ್ಲಿ ಮೊದಲು ಆಲ್ಬಂ ಮಾಡಿದರು. ಬ್ರಾಡ್‌ವೇ ಪ್ರಯೋಗವಾದದ್ದು 1971ರಲ್ಲಿ. ಹಾಗಾಗಿ ಹುಟ್ಟಿನಿಂದಲೇ ಇದು ಕಿವಿಯ ಸರಕು. 1973ರ ಚಿತ್ರದ ಆಲ್ಬಂ ಜೊತೆ ಅದನ್ನು ಪಕ್ಕಪಕ್ಕ ಇಟ್ಟರೆ ಪಾತ್ರಗಳ ಹಂಚಿಕೆ ವಿಚಿತ್ರವಾಗಿ ಸಮಬಲ. ಯೇಸುವಾಗಿ 1970ರ ಇಯಾನ್ ಗಿಲನ್ ಗೆಲ್ಲುತ್ತಾರೆ. ಡೀಪ್ ಪರ್ಪಲ್ ತಂಡದ ಗಾಯಕ, ಗೆತ್ಸೆಮನೆ ತೋಟದ ಹಾಡಿನಲ್ಲಿ ಆತ ಕೂಗುವ ಕೂಗು ದೇವರ ಜೊತೆಗಿನ ಜಗಳವೇ ಸರಿ. ಯೇಸುವಿಗೆ ದ್ರೋಹ ಬಗೆದ ಶಿಷ್ಯ ಜೂಡಸ್ ಆಗಿ ಚಿತ್ರದ ಕಾರ್ಲ್ ಆ್ಯಂಡರ್ಸನ್ನರನ್ನು ಮೀರಿಸಿದವರಿಲ್ಲ. 1970ರಲ್ಲಿ ಮರ್ರೆ ಹೆಡ್ ಹಾಡುವ ಜೂಡಸ್ ಸಿಟ್ಟಿಗೆದ್ದ ಶಿಷ್ಯ, ಆ್ಯಂಡರ್ಸನ್ನರ ಜೂಡಸ್ ಮನಸ್ಸು ಮುರಿದ ಗೆಳೆಯ. ಮೇರಿ ಮ್ಯಾಗ್ಡಲೀನ್ ಆಗಿ ಎರಡರಲ್ಲೂ ಇವೋನ್ ಎಲಿಮನ್ನರೇ ಇರುವುದರಿಂದ ಅಲ್ಲಿ ಜಗಳವಿಲ್ಲ.

ತಾಳ ಹಾಕಿ ಕೇಳುವ ಚಟವಿರುವವರಿಗೆ ಈ ನಾಟಕ ಹಬ್ಬ. ಎಲ್ಲವೂ ಸರಿಯಿದೆ, ಮಲಗು ಎಂದು ಮೇರಿ ಸಂತೈಸುವ ಹಾಡು ಐದರ ಲೆಕ್ಕದಲ್ಲಿದೆ, ನಮ್ಮ ಖಂಡ ನಡೆ. ಬಾಯಿ ನೆಮ್ಮದಿ ಹೇಳುತ್ತಿದೆ, ಲಯ ನೆಮ್ಮದಿಗೆ ಕೂರುತ್ತಿಲ್ಲ. ದೇವಾಲಯದ ಆವರಣದಲ್ಲಿ ವ್ಯಾಪಾರಿಗಳು ಕೂಗುವ ಭಾಗ ಏಳರಲ್ಲಿ. ಮಿಶ್ರಚಾಪು ಪರಿಚಯವಿದ್ದವರ ಕೈ ತಾನಾಗಿ ಏಳುತ್ತದೆ. ಎಂಟಕ್ಕೆ ಒಂದು ಕಡಿಮೆಯಾದ ಆ ಎಣಿಕೆಯಲ್ಲಿ ಹಿಂದಿನಿಂದ ಯಾರೋ ನೂಕಿದಂತಾಗಿ ಸಂತೆಯ ಗದ್ದಲ ತಾನಾಗಿ ಹುಟ್ಟುತ್ತದೆ. ಈ ಭಾಗಕ್ಕೆ ನಾನು 1970ರದ್ದನ್ನೇ ಹಾಕುತ್ತೇನೆ. ಅದರ ಡ್ರಮ್ಮು ಗಿಟಾರುಗಳಲ್ಲಿ ರಾಕ್ ತಂಡದ ಒರಟುತನ ಇನ್ನೂ ಹಸಿಯಾಗಿದೆ.

ಗಾಯಕಿ ಅನಾಯಿಸ್ ಮಿಚೆಲ್ಲರ ‘ಹೇಡ್ಸ್‌ಟೌನ್’ ಕೂಡ ನ್ಯೂಯಾರ್ಕಿನ ರಂಗಕ್ಕಿಂತ ಮೊದಲೇ ಆಲ್ಬಮ್ಮಾಗಿ ಹೆಸರು ಮಾಡಿದ್ದು, 2010ರಲ್ಲಿ. ಆಮೇಲೆ ನ್ಯೂಯಾರ್ಕಿನ ಸಣ್ಣ ರಂಗದಲ್ಲಿ ಆಡಿದಾಗ ಮುದ್ರಿಸಿ 2017ರಲ್ಲಿ ತಂದದ್ದೊಂದು, ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಎಂಟನ್ನು ಗೆದ್ದ 2019ರ ಬ್ರಾಡ್‌ವೇಯದ್ದೊಂದು. ಇದು ಆರ್ಫಿಯಸ್ ಪಾತಾಳಕ್ಕಿಳಿದು ಹೆಂಡತಿಯನ್ನು ಬಿಡಿಸಿಕೊಂಡು ಬರಲು ಹೋಗುವ ಗ್ರೀಕ್ ಕತೆ. ಇಲ್ಲೊಂದು ಪೇಚಿದೆ. ಆರ್ಫಿಯಸ್ ಹಾಡಿದರೆ ಪಾತಾಳದ ಒಡೆಯನೂ ಕರಗಬೇಕು. ಯಾವ ನಟ ತಾನೇ ಹಾಗೆ ಹಾಡಿಯಾನು? 2019ರ ರೀವ್ ಕಾರ್ನಿ ಮುಗ್ಧ ಹುಡುಗನಾಗಿ ಚೆನ್ನಾಗಿದ್ದಾರೆ, ಕಲ್ಲು ಕರಗಿತು ಎಂದು ನನಗಂತೂ ಅನ್ನಿಸಲಿಲ್ಲ. 2010ರಲ್ಲಿ ಜಸ್ಟಿನ್ ವರ್ನನ್ ಸ್ಟುಡಿಯೋದಲ್ಲಿ ತಮ್ಮದೇ ಕಂಠವನ್ನು ಪದರ ಪದರವಾಗಿ ಒಂದರ ಮೇಲೊಂದು ಹಾಸಿ ಹಾಡಿದ್ದಾರೆ. ಒಬ್ಬನೇ ಹತ್ತು ಜನರಂತೆ ಕೇಳುವ ಆ ಕುಶಲತೆ ರಂಗದ ಮೇಲೆ ಸಾಧ್ಯವಿಲ್ಲ, ಪುರಾಣಕ್ಕೆ ಸರಿಯಾಗಿ ಹೊಂದುತ್ತದೆ. ಕತೆ ಹಿಡಿಯಲು ಮಾತ್ರ 2010ರದ್ದು ಸಾಲದು, ಎಷ್ಟೋ ಕೊಂಡಿಗಳು ಅದರಲ್ಲಿಲ್ಲ.

ಗೋಡೆ ಕಟ್ಟುವ ಹಾಡನ್ನು ಮೂರರಲ್ಲೂ ಕೇಳಿ. ಒಡೆಯ ಹೇಡ್ಸ್ ಪ್ರಶ್ನೆ ಕೇಳುತ್ತಾನೆ, ಕೂಲಿಗಳು ಉತ್ತರಿಸುತ್ತಾರೆ, ಪ್ರತಿ ಸುತ್ತಿನಲ್ಲೂ ಹಳೆಯ ಉತ್ತರದ ಮೇಲೆ ಇನ್ನೊಂದು ಸೇರಿ ಹಾಡೇ ಗೋಡೆಯಂತೆ ಏಳುತ್ತದೆ. 2010ರ ಗ್ರೆಗ್ ಬ್ರೌನ್ ಹಳ್ಳಿಯ ಮುದಿ ಜಮೀನ್ದಾರನಂತೆ ನಿಧಾನವಾಗಿ ಕೇಳುತ್ತಾರೆ. ಮಿಕ್ಕೆರಡರಲ್ಲೂ ಪ್ಯಾಟ್ರಿಕ್ ಪೇಜ್. ಅವರ ಮಂದ್ರ ನೆಲದಡಿಯಿಂದ ಬರುತ್ತದೆ, ಅಗ್ಗದ ಇಯರ್‌ಫೋನಿಗೆ ಅದು ದಕ್ಕುವುದಿಲ್ಲ. 2017ರದ್ದು ಸಭೆಯ ಎದುರೇ ಮುದ್ರಿತವಾದದ್ದರಿಂದ ಅದರಲ್ಲಿ ಸಭೆಯ ಇರುವಿಕೆ ಕೇಳಿಸುತ್ತದೆ. ‘ವನ್ಸ್ ಮೋರ್’ ಕೂಗಿ ಅದೇ ಹಾಡನ್ನು ಮತ್ತೆ ಹಾಡಿಸಿಕೊಳ್ಳುತ್ತಿದ್ದ ಊರಿನವರಾದ ನಮಗೆ ಚಪ್ಪಾಳೆಯಿಲ್ಲದ ನಾಟಕ ಉಪ್ಪಿಲ್ಲದೆ ಬಡಿಸಿದ ಹಾಗೆ, ಆದ್ದರಿಂದ ಈ ಹಾಡಿಗೆ ನನ್ನ ಮತ 2017ಕ್ಕೆ.

ಅಮೆರಿಕದ ರಾಷ್ಟ್ರನಿರ್ಮಾಪಕರಲ್ಲಿ ಒಬ್ಬನ ಕತೆ ಹೇಳುವ ‘ಹ್ಯಾಮಿಲ್ಟನ್’ಗೆ ಹೋಲಿಸಲು ಎದುರಾಳಿಯಿಲ್ಲ. 2015ರ ಆಲ್ಬಂ ಬಹುತೇಕ ಇಡೀ ನಾಟಕವೇ. ಒಂದು ಸಣ್ಣ ದೃಶ್ಯವನ್ನು ಮಾತ್ರ ನಾಟಕ ಬರೆದ ಲಿನ್-ಮ್ಯಾನ್ಯುಯೆಲ್ ಮಿರಾಂಡ ಬೇಕೆಂದೇ ಹೊರಗಿಟ್ಟರು, ನೋಡುವವರಿಗೆಂದು ಏನಾದರೂ ಉಳಿದಿರಲಿ ಎಂದು. ಸಾಲುಗಳು ಓಡುವ ವೇಗಕ್ಕೆ ಪಠ್ಯ ಎದುರಿಗಿಟ್ಟುಕೊಂಡರೆ ಒಳ್ಳೆಯದು. ಹಾಗೆ ಕೇಳಿದರೆ ಬೇರೇನೂ ಬೇಕಿಲ್ಲ.

ಇನ್ನು ವಿಕ್ಟರ್ ಹ್ಯೂಗೊ ಕಾದಂಬರಿಯಿಂದ ಹುಟ್ಟಿದ ‘ಲೆ ಮಿಜರಾಬ್ಲ್’. ಹತ್ತನೆಯ ವರ್ಷದ ನೆನಪಿಗೆ 1995ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಛೇರಿ ಒಂದು ಕಡೆ, 2012ರ ಚಿತ್ರ ಇನ್ನೊಂದು ಕಡೆ. ಕಛೇರಿಯಲ್ಲಿ ಎಲ್ಲರೂ ಮೈಕ್ ಮುಂದೆ ಸಾಲಾಗಿ ನಿಂತು ಹಾಡಿದ್ದಾರೆ. ಅಭಿನಯಕ್ಕೆ ಅವಕಾಶ ಕಡಿಮೆಯಾದಷ್ಟೂ ಎಲ್ಲವನ್ನೂ ಕಂಠದಲ್ಲೇ ಹಾಕಬೇಕಾಗಿ ಬಂದಿದೆ, ಲಾಭ ನನ್ನದು. ಜಾವೇರ್ ಆಗಿ ಫಿಲಿಪ್ ಕ್ವಾಸ್ಟ್ ನಕ್ಷತ್ರಗಳ ಮೇಲೆ ಆಣೆಯಿಡುವಾಗ ಆ ಪೊಲೀಸಿನವನ ಧರ್ಮನಿಷ್ಠೆಗೆ ತಲೆಬಾಗಬೇಕು ಅನ್ನಿಸುತ್ತದೆ. ಲಿಯಾ ಸಲೊಂಗಾ ಹಾಡುವ, ಒಲವು ಕೈಗೂಡದ ಹುಡುಗಿ ಎಪೊನೀನ್ ಒಂದು ಹನಿಯೂ ಹೆಚ್ಚು ಅಳುವುದಿಲ್ಲ. ಚಿತ್ರದವರು ಚಿತ್ರೀಕರಣದ ಜಾಗದಲ್ಲೇ ನಟರಿಂದ ಹಾಡಿಸಿ ಮುದ್ರಿಸಿಕೊಂಡದ್ದನ್ನು ದೊಡ್ಡದಾಗಿ ಸಾರಿದರು. ಬಿಕ್ಕಿದ್ದು, ಮೂಗೆಳೆದದ್ದು, ಸಾಲು ಮಧ್ಯಕ್ಕೆ ಬಿಟ್ಟದ್ದು ಎಲ್ಲವೂ ಅದರಲ್ಲಿದೆ, ರಾಗ ಮಾತ್ರ ಅಲ್ಲಲ್ಲಿ ಕಾಣೆ. ರಸೆಲ್ ಕ್ರೋ ಅವರ ಜಾವೇರ್ ಬಗ್ಗೆ ಹೇಳದಿರುವುದೇ ಒಳ್ಳೆಯದು. ಆ ಆಲ್ಬಂನಿಂದ ಆ್ಯನ್ ಹ್ಯಾಥವೇ ಹಾಡಿದ ಕನಸಿನ ಹಾಡೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಮೊಬೈಲಿನಿಂದ ಅಳಿಸಿದ್ದೇನೆ.