ಆನೇಕಲ್ ಜೀತದ ಇತಿಹಾಸ ಪ್ರವಾಸ: ಕೇಳಿಸಿದ್ದು, ಬಿಟ್ಟುಹೋದದ್ದು

ಬೆಂಗಳೂರಿನ ಸಣ್ಣ ತಂಡವೊಂದು ಭಾನುವಾರಗಳಂದು ನಡೆಸುವ ಆನೇಕಲ್ ಪ್ರವಾಸವು ಕೋಟೆ, ದೇವಸ್ಥಾನಗಳನ್ನು ಬದಿಗಿಟ್ಟು, ಆ ಸೀಮೆಯ ಜೀತ ಪದ್ಧತಿ ಮತ್ತು ಅದರ ರದ್ದತಿಯನ್ನೇ ವಿಷಯವಾಗಿ ಆರಿಸಿಕೊಂಡಿದೆ. ಶಾಂತಿನಗರದಿಂದ ಹೊರಟ ಮಿನಿ ಬಸ್ಸು ಚಂದಾಪುರ ಮುಟ್ಟುವಷ್ಟರಲ್ಲಿ ಮಾರ್ಗದರ್ಶಕರು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯನ್ನೂ ಅದರ ಸ್ಥಾನದಲ್ಲಿ ಬಂದ 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯನ್ನೂ ತಿಳಿಯಾಗಿ ವಿವರಿಸಿದರು. ಕಾಯ್ದೆಯ ಪ್ರಕಾರ ಆಳು ಬಿಡುಗಡೆಯಾಗುವುದಷ್ಟೇ ಅಲ್ಲ, ಅವನನ್ನು ಕಟ್ಟಿಹಾಕಿದ ಸಾಲವೂ ರದ್ದಾಗುತ್ತದೆ. ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನದು.

ಪ್ರವಾಸದ ನಿಜವಾದ ತೂಕವಿರುವುದು ಹಳ್ಳಿಯ ಜಗಲಿಯೊಂದರಲ್ಲಿ. ಅಪ್ಪ ಮದುವೆಗೆಂದು ಮಾಡಿದ ಸಾಲಕ್ಕೆ ಹುಡುಗನಾಗಿದ್ದಾಗಲೇ ದನ ಕಾಯಲು ಸೇರಿದ್ದ ಹಿರಿಯರೊಬ್ಬರು, ಮಡಿಕೆಯ ಗೆರೆಗಳಲ್ಲಿ ಹರಿದು ಈಗ ಲ್ಯಾಮಿನೇಷನ್ ಒಳಗೆ ಕೂತಿರುವ ತಮ್ಮ ಬಿಡುಗಡೆ ಪತ್ರವನ್ನು ತೋರಿಸಿದರು. "ಸಾಲ ತೀರ್ತು ಅಂತ ಯಜಮಾನ್ರು ಯಾವತ್ತೂ ಅನ್ನಲಿಲ್ಲ ಸ್ವಾಮಿ, ಏಸಿ ಸಾಹೇಬ್ರು (ಅಸಿಸ್ಟೆಂಟ್ ಕಮಿಷನರ್) ಅಂದ್ರು" ಎಂದ ಅವರ ಮಾತಿಗೆ ಯಾವ ವಿವರಣೆಯೂ ಬೇಕಿರಲಿಲ್ಲ. ಆದರೂ ಮಾರ್ಗದರ್ಶಕರು ವಿವರಿಸಿದರು.

ನನ್ನ ಮುಖ್ಯ ಆಕ್ಷೇಪವಿರುವುದು ದೇವರಾಜ ಅರಸರ ಭೂ ಸುಧಾರಣೆಯನ್ನೂ ಜೀತ ವಿಮುಕ್ತಿಯನ್ನೂ ಒಂದೇ ಕಥೆಯಾಗಿ ಹೆಣೆದ ಬಗ್ಗೆ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ, ಉಳುತ್ತಿದ್ದ ಜಮೀನಿನ ಹಕ್ಕು ಕೋರುವ ಅರ್ಜಿಯಾದ ಫಾರಂ ನಂ. 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹೋದವನು ಗೇಣಿದಾರ, ಅಂದರೆ ಒಡೆಯನಿಗೆ ಗೇಣಿ ಕೊಟ್ಟು ಉಳುತ್ತಿದ್ದವನು. ಊಟ, ವರ್ಷಕ್ಕೊಂದು ಜೊತೆ ಬಟ್ಟೆಗೆ ದುಡಿಯುತ್ತಿದ್ದ ಜೀತದಾಳು ಗೇಣಿದಾರನಾಗಿರಲಿಲ್ಲವಾದ್ದರಿಂದ, ತಾನು ಉತ್ತ ಹೊಲದ ಮೇಲೆ ಅವನಿಗೆ ಯಾವ ಹಕ್ಕೂ ಹುಟ್ಟಲಿಲ್ಲ. 1978ರ ಕೇಂದ್ರ ಯೋಜನೆ ಪುನರ್ವಸತಿಗೆಂದು ಒಬ್ಬರಿಗೆ ಗೊತ್ತುಪಡಿಸಿದ್ದು 4,000 ರೂಪಾಯಿ. ಬಿಡುಗಡೆಯಾದವರು ಮತ್ತೆ ಅದೇ ಮನೆಯ ಬಾಗಿಲಿಗೆ ಕೂಲಿ ಕೇಳಲು ಏಕೆ ಹೋದರೆಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಸಹಪ್ರಯಾಣಿಕರೊಬ್ಬರು ಅದನ್ನೇ ಕೇಳಿದಾಗ ಊಟಕ್ಕೆ ಹೊತ್ತಾಯಿತೆಂದು ಎಬ್ಬಿಸಲಾಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಸ್ತಾಪವೂ ಬರಲಿಲ್ಲ. ಹಾದಿಯುದ್ದಕ್ಕೂ ಇಟ್ಟಿಗೆ ಗೂಡು, ಕಟ್ಟಡ ಕಾಮಗಾರಿಗಳು ಕಾಣುವಾಗ ಇದು ಸಣ್ಣ ಲೋಪವಲ್ಲ.

ಮುದ್ದೆ, ಬಸ್ಸಾರಿನ ಊಟ ಚೆನ್ನಾಗಿತ್ತು. ತಲೆಗೆ 900 ರೂಪಾಯಿ ಹೆಚ್ಚೆನಿಸಲಿಲ್ಲ. ಕಥೆ ಹೇಳುವ ಹಿರಿಯರ ಗೌರವಧನವನ್ನು ರಸೀದಿಯಲ್ಲಿ ಬೇರೆಯಾಗಿಯೇ ನಮೂದಿಸುವುದು ಮೆಚ್ಚಬೇಕಾದ ಕ್ರಮ. ಹೈಸ್ಕೂಲು ಮಕ್ಕಳನ್ನು ಧಾರಾಳವಾಗಿ ಕರೆದೊಯ್ಯಬಹುದು. ಹೊಸೂರು ರಸ್ತೆಯ ಸಂಜೆಯ ದಟ್ಟಣೆಯ ಕಾರಣ ಮರಳುವ ಹೊತ್ತನ್ನು ಮಾತ್ರ ಯಾರೂ ನೆಚ್ಚಬಾರದು.