ಫೋಟೋ ಫೋನಿನಿಂದ ಆಚೆ ಹೋಗದೆ ಸಣ್ಣದಾಗಬೇಕೆ? ಸ್ಕ್ವೂಶ್ ನೋಡಿ

ಅರಸೀಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಅಂತಿದ್ದರೂ ದಿನವಿಡೀ ನಡೆಯುವುದು ಆನ್‌ಲೈನ್ ಅರ್ಜಿ ತುಂಬುವ ಕೆಲಸವೇ. ಸ್ಕಾಲರ್‌ಶಿಪ್ಪೋ, ಹಾಸ್ಟೆಲ್ ಸೀಟೋ, ಪರೀಕ್ಷೆಯೋ, ಹೆಚ್ಚಿನ ಅರ್ಜಿಗಳು ಬಂದು ನಿಲ್ಲುವುದು ಒಂದೇ ಕಡೆ: ಫೋಟೋ 50 ಕೆಬಿ ಒಳಗಿರಬೇಕು, ಸಹಿ 20 ಕೆಬಿ ಒಳಗಿರಬೇಕು. ಮಕ್ಕಳು ಫೋನಿನಲ್ಲಿ ತೆಗೆದು ತರುವ ಫೋಟೋ ಮೂರು-ನಾಲ್ಕು ಎಂಬಿ ಇರುತ್ತದೆ.

ಮೊದಲೆಲ್ಲ ಹುಡುಕಿದಾಗ ಮೇಲೆ ಬಂದ ಯಾವುದಾದರೊಂದು ವೆಬ್‌ಸೈಟಿಗೆ ಫೋಟೋ ಹಾಕಿ ಸಣ್ಣದು ಮಾಡಿಕೊಳ್ಳುತ್ತಿದ್ದೆ. ಹೋದ ವರ್ಷ ಒಬ್ಬ ತಾಯಿ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, ‘ಅಕ್ಕಾ, ಮಗಳ ಫೋಟೋ ಅಲ್ಲಿಗೆ ಹೋಯ್ತಲ್ಲ, ಆಮೇಲೆ ಅವರು ಅಳಿಸ್ತಾರಾ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಜನರ ಆಧಾರ್ ಕಾರ್ಡು, ಅಂಕಪಟ್ಟಿ, ಸಹಿ ಹೀಗೇ ಹಾಕಿದ್ದೇನೋ ಅಂತ ನೆನೆದು ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಆಗ ಹುಡುಕುತ್ತಾ ಸಿಕ್ಕಿದ್ದು ಸ್ಕ್ವೂಶ್ ಡಾಟ್ ಆ್ಯಪ್. ಇಂಗ್ಲಿಷಿನಲ್ಲಿ ಎಸ್, ಕ್ಯು, ಯು, ಓ, ಓ, ಎಸ್, ಎಚ್ ಅಂತ ಬರೆಯಬೇಕು. ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಹೊರತಂದ ವೆಬ್ ಆ್ಯಪ್ ಇದು. ದುಡ್ಡಿಲ್ಲ, ಲಾಗಿನ್ ಇಲ್ಲ, ಪ್ಲೇ ಸ್ಟೋರಿಗೆ ಹೋಗಬೇಕಾಗಿಯೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಫೋಟೋವನ್ನು ಸಣ್ಣದು ಮಾಡುವ ಕೆಲಸ ನಮ್ಮ ಬ್ರೌಸರಿನೊಳಗೇ ನಡೆಯುತ್ತದೆ. ಚಿತ್ರ ಯಾರ ಸರ್ವರಿಗೂ ಹೋಗುವುದಿಲ್ಲ.

ಓದಿದ್ದನ್ನೇ ನಂಬಿ ಕೂರಲು ಮನಸ್ಸಾಗಲಿಲ್ಲ. ಒಮ್ಮೆ ಪುಟ ಪೂರ್ತಿ ತೆರೆದುಕೊಳ್ಳಲು ಬಿಟ್ಟು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನನ್ನದೇ ಒಂದು ಫೋಟೋ ಕೊಟ್ಟೆ. ಪರದೆ ಎರಡು ಭಾಗವಾಯಿತು. ಒಂದು ಕಡೆ ಮೂಲ ಚಿತ್ರ, ಇನ್ನೊಂದು ಕಡೆ ಸಣ್ಣದಾದದ್ದು, ನಡುವೆ ಬೆರಳಿನಿಂದ ಸರಿಸುವ ಗೆರೆ. ನೆಟ್ ಇಲ್ಲದೆಯೇ ಕೆಲಸ ಮುಗಿದಿತ್ತು! ಗೆರೆಯನ್ನು ಮುಖದ ಮೇಲೆ ಅತ್ತಿತ್ತ ಎಳೆದು ನೋಡಿದೆ. ಹುಬ್ಬಿನ ಕೂದಲು, ಸೀರೆಯ ಅಂಚು ಎರಡೂ ಕಡೆ ಒಂದೇ ಥರ ಕಂಡವು. ಸಂಜೆ ಬಾಗಿಲು ಹಾಕುವ ಹೊತ್ತಿನಲ್ಲಿ ಒಬ್ಬಳೇ ಕೂತು ಹೀಗೆ ಎಳೆದಾಡಿದ್ದು ಇನ್ನೂ ನೆನಪಿದೆ.

ನಾನು ಮಾಡುವ ಕ್ರಮ ಹೀಗೆ. ಮೊದಲು ಗ್ಯಾಲರಿಯಲ್ಲೇ ಪಾಸ್‌ಪೋರ್ಟ್ ಅಳತೆಗೆ ಕತ್ತರಿಸಿಕೊಳ್ಳುತ್ತೇನೆ, ಏಕೆಂದರೆ ಚಿತ್ರವನ್ನು ಬೇಕಾದ ಕಡೆ ಕತ್ತರಿಸುವ ಸೌಕರ್ಯ ಸ್ಕ್ವೂಶ್‌ನಲ್ಲಿಲ್ಲ. ಆಮೇಲೆ ಅಲ್ಲಿ ‘ರಿಸೈಜ್’ ಆನ್ ಮಾಡಿ ಅಗಲ 350, ಎತ್ತರ 450 ಪಿಕ್ಸೆಲ್ ಕೊಡುತ್ತೇನೆ. ಕೆಳಗೆ ‘ಮಾಜ್‌ಜೆಪೆಗ್’ (ಜೆಪಿಜಿ ಫೈಲ್ ಕೊಡುವ ಬಗೆ ಇದೇ) ಅಂತ ಆರಿಸಿ ‘ಕ್ವಾಲಿಟಿ’ ಪಟ್ಟಿಯನ್ನು ಹಿಂದೆ ಮುಂದೆ ಸರಿಸಿದರೆ ಎಷ್ಟು ಕೆಬಿ ಆಯಿತು ಅಂತ ತೋರಿಸುತ್ತದೆ. 75ಕ್ಕೇ ಬಿಟ್ಟರೂ ನನಗೆ ಬಹಳ ಸಲ 50 ಕೆಬಿ ಒಳಗೇ ಬಂದಿದೆ. ಅವಸರದಲ್ಲಿ ಇನ್ನೊಂದು ಬಗೆ ಆರಿಸಬೇಡಿ. ಒಂದು ಸಲ ನಾನು ವೆಬ್‌ಪಿ ಆರಿಸಿ, ಅರ್ಜಿಯಲ್ಲಿ ಜೆಪಿಜಿ ಮಾತ್ರ ತೆಗೆದುಕೊಳ್ಳುತ್ತೆ ಅಂತ ವಾಪಸ್ ಬಂದು, ಕೊನೆಯ ದಿನ ಆ ಹುಡುಗನನ್ನು ಅರ್ಧ ಗಂಟೆ ಕಾಯಿಸಿದ್ದೆ.

ಕೊರತೆಗಳೂ ಇವೆ. ‘ನನಗೆ 20 ಕೆಬಿ ಬೇಕು’ ಅಂತ ನೇರವಾಗಿ ಹೇಳಲು ಬರುವುದಿಲ್ಲ, ಸರಿಸಿ ಸರಿಸಿ ನೋಡಬೇಕು. ಒಂದು ಸಲಕ್ಕೆ ಒಂದೇ ಚಿತ್ರ. ಪಿಡಿಎಫ್ ಆಗುವುದಿಲ್ಲ. ಅಕ್ಷರವೆಲ್ಲ ಇಂಗ್ಲಿಷು. ಕನ್ನಡದಲ್ಲಿದ್ದಿದ್ದರೆ ಹಳ್ಳಿಯ ಮಕ್ಕಳು ನನ್ನ ಅಂಗಡಿಯವರೆಗೆ ಬರಬೇಕಾಗಿಯೇ ಇರಲಿಲ್ಲ, ಮನೆಯಲ್ಲೇ ಮುಗಿಸುತ್ತಿದ್ದರು.

ಇದರ ಜೊತೆಗೇ ಕಲಿತದ್ದು ಕ್ರೋಮ್‌ನ ಒಂದು ಸೌಲಭ್ಯ. ಮೇಲಿನ ಮೂರು ಚುಕ್ಕಿ ಒತ್ತಿ ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಅಂದರೆ ಆ ಪುಟ ಬೇರೆ ಆ್ಯಪ್‌ಗಳ ಹಾಗೇ ಫೋನಿನ ಮುಖಪರದೆಯಲ್ಲಿ ಬಂದು ಕೂರುತ್ತದೆ. ನನ್ನದು 32 ಜಿಬಿಯ ಹಳೇ ಫೋನು. ವಾಟ್ಸ್ಆ್ಯಪ್‌ನಲ್ಲಿ ಬಂದ ದಾಖಲೆಗಳಿಗೇ ಜಾಗ ಸಾಲದು, ಹೆಚ್ಚು ಜಾಗ ಹಿಡಿಯದ ಇದು ಅಂಥ ಫೋನಿಗೆ ದೊಡ್ಡ ಆಸರೆ.

ಹಾಗೆ ಕೂರಿಸಿಕೊಂಡ ಇನ್ನೊಂದು ಅಲರ್ ಡಾಟ್ ಇಂಕ್ (ಇಂಗ್ಲಿಷಿನಲ್ಲಿ alar.ink), ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂತು ಕಟ್ಟಿದ ಪದಸಂಪತ್ತು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. 2019ರಿಂದ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತಿದೆ. ಅಲರ್ ಅಂದರೆ ಹೂವು. ಕನ್ನಡದ ಪತ್ರ ತಂದು ‘ಇದಕ್ಕೆ ಇಂಗ್ಲಿಷಿನಲ್ಲಿ ಏನಂತ ಬರೆಯಲಿ ಅಕ್ಕಾ’ ಅಂತ ಕೇಳುವವರಿಗೆ ಈಗ ನಾನು ಅಂದಾಜಿನಲ್ಲಿ ಹೇಳುವುದಿಲ್ಲ. ಅಲ್ಲೇ ತೆಗೆದು ತೋರಿಸುತ್ತೇನೆ. ಒಂದು ಪದಕ್ಕೆ ನಾಲ್ಕೈದು ಅರ್ಥವಿದ್ದರೆ ಅವರೇ ಓದಿ ತಮಗೆ ಹೊಂದುವುದನ್ನು ಆರಿಸಿಕೊಳ್ಳುತ್ತಾರೆ.

ಆ ತಾಯಿ ಈ ಸಲ ಮಗಳ ಹಾಸ್ಟೆಲ್ ಅರ್ಜಿಗೆ ಮತ್ತೆ ಬಂದಿದ್ದರು. ಏರೋಪ್ಲೇನ್ ಮೋಡ್ ಹಾಕಿ ಅವರ ಕಣ್ಣೆದುರೇ ಫೋಟೋ ಸಣ್ಣದು ಮಾಡಿ ತೋರಿಸಿದೆ. ಮಗಳು ತನ್ನ ಫೋನು ಮುಂದೆ ಚಾಚಿ, ‘ನನ್ನದಕ್ಕೂ ಹಾಕಿಕೊಡಿ ಅಕ್ಕಾ’ ಅಂದಳು.