ಟ್ರೈಲರ್ ಸೋಲಾರ್: ಬಯಲುಸೀಮೆ, ಮಲೆನಾಡು ಎರಡರಲ್ಲೂ ಬಳಸಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ. ನಮ್ಮ ಕ್ಯಾಂಪಿಂಗ್ ಟ್ರೈಲರ್‌ಗೆ ಹಾಕಿಸಿದ ಕರೆಂಟ್ ಸಾಮಾನಿನಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಬ್ಯಾಟರಿಯ ನೆಗೆಟಿವ್ ವೈರಿಗೆ ಕೂರಿಸಿದ ಶಂಟ್ ಮೀಟರ್, ಅಂದರೆ ಬ್ಯಾಟರಿಗೆ ಬಂದ ಹೋದ ಕರೆಂಟ್ ಅಳೆಯುವ ಮೀಟರ್. ಎರಡನೇದು, ಕಾರು ಓಡುವಾಗ ಟ್ರೈಲರ್ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್. ಎಲ್ಲರೂ ಮೊದಲು ಕೇಳುವ ಸೋಲಾರ್ ಪ್ಯಾನೆಲ್‌ಗೆ ನಾನು ಕೊಡುವುದು ಮೂರನೇ ಜಾಗ. ಅದೂ ನೀವು ಯಾವ ಕಡೆ ಟ್ರೈಲರ್ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ.

ನಮ್ಮ ಮನೆ ಚಿಕ್ಕಮಗಳೂರಲ್ಲಿ. ಹಾಕಿರುವುದು ಇಷ್ಟು: ಚಾವಣಿ ಮೇಲೆ 165 ವ್ಯಾಟ್‌ನ ಎರಡು ಮೋನೋ ಪ್ಯಾನೆಲ್, ಪ್ಯಾನೆಲ್ ಕರೆಂಟನ್ನು ಬ್ಯಾಟರಿಗೆ ಹದವಾಗಿ ತುಂಬುವ ವಿಕ್ಟ್ರಾನ್ ಸ್ಮಾರ್ಟ್‌ಸೋಲಾರ್ 100/30 ಕಂಟ್ರೋಲರ್, ಅದೇ ಕಂಪನಿಯ ಶಂಟ್ ಮೀಟರ್ ಸ್ಮಾರ್ಟ್‌ಶಂಟ್ (ಎರಡರ ಲೆಕ್ಕವೂ ಫೋನಿನ ಆಪ್‌ನಲ್ಲಿ ಕಾಣುತ್ತದೆ), ಸೀಟಿನ ಕೆಳಗೆ 12.8 ವೋಲ್ಟ್ 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 18 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್, ಹೋಮ್‌ಸ್ಟೇ ಪ್ಲಗ್ಗಿಗೆ ಸಿಕ್ಕಿಸಲು 20 ಆಂಪಿಯರ್‌ನ ಚಾರ್ಜರ್, 1000 ವ್ಯಾಟ್‌ನ ಪ್ಯೂರ್ ಸೈನ್ ಇನ್ವರ್ಟರ್. ಬ್ಯಾಟರಿಯಲ್ಲಿ ಹಿಡಿಯುವುದು ಲೆಕ್ಕಕ್ಕೆ 1280 ವ್ಯಾಟ್-ಅವರ್. ಅಂದರೆ ಒಂದೂಕಾಲು ಯೂನಿಟ್ ಮಾತ್ರ. ಮನೆಯ ಕರೆಂಟ್ ಬಿಲ್ ನೋಡಿ ಅಭ್ಯಾಸ ಇರುವವರಿಗೆ ಇದು ಎಷ್ಟು ಕಮ್ಮಿ ಅಂತ ತಕ್ಷಣ ಗೊತ್ತಾಗುತ್ತದೆ.

ಇದರಲ್ಲಿ ದೊಡ್ಡ ಪಾಲು ತಿನ್ನುವುದು 40 ಲೀಟರ್‌ನ 12 ವೋಲ್ಟ್ ಫ್ರಿಜ್. ಕಂಪ್ರೆಸರ್ ಓಡುವಾಗ 45 ವ್ಯಾಟ್ ಆಸುಪಾಸು ಎಳೆಯುತ್ತದೆ. ದಿನವಿಡೀ ಓಡುವುದಿಲ್ಲ, ಬಿಟ್ಟು ಬಿಟ್ಟು ಓಡುತ್ತದೆ. ದಿನಕ್ಕೆ ಸುಮಾರು 400 ವ್ಯಾಟ್-ಅವರ್. ಏಪ್ರಿಲ್‌ನಲ್ಲಿ ಕಡೂರು ಕಡೆ ನಿಲ್ಲಿಸಿದರೆ ಇನ್ನೂ ಜಾಸ್ತಿ. ಲೈಟು, ಡಿಸಿ ಫ್ಯಾನು, ನೀರಿನ ಪಂಪು, ನಾಲ್ಕು ಫೋನು ಎಲ್ಲ ಸೇರಿದರೂ ಫ್ರಿಜ್‌ನ ಹತ್ತಿರ ಬರುವುದಿಲ್ಲ.

ಈಗ ಪ್ಯಾನೆಲ್ ವಿಷಯ. ಹಾಸನ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಅರಸೀಕೆರೆಯಿಂದ ಸಕಲೇಶಪುರಕ್ಕೆ 80 ಕಿ.ಮೀ. ಆಸುಪಾಸು, ಆದರೆ ಅದು ಬಯಲುಸೀಮೆ, ಇದು ಮಲೆನಾಡು, ಸೋಲಾರ್‌ಗೆ ಬೇರೆ ಬೇರೆ ಲೋಕ. ಅರಸೀಕೆರೆ ಕಡೆ ತೆಂಗಿನ ತೋಟದ ಹೊರಗೆ ಬಯಲಲ್ಲಿ ನಿಲ್ಲಿಸಿದರೆ ಮಾರ್ಚ್‌ನಲ್ಲಿ ದಿನಕ್ಕೆ 1300 ವ್ಯಾಟ್-ಅವರ್‌ವರೆಗೆ ಬಂದಿದೆ. ಮಧ್ಯಾಹ್ನದೊಳಗೆ ಬ್ಯಾಟರಿ ತುಂಬಿ, ಕಂಟ್ರೋಲರ್ ಸುಮ್ನೆ ಕೂತಿರುತ್ತದೆ. ಅದೇ ಪ್ಯಾನೆಲ್ ಜುಲೈನಲ್ಲಿ ನಮ್ಮ ಜಿಲ್ಲೆಯ ಚಾರ್ಮಾಡಿ ಘಾಟಿ ಪಕ್ಕದ ಕೊಟ್ಟಿಗೆಹಾರದ ಹತ್ತಿರ ಇಡೀ ದಿನ ದುಡಿದು ಕೊಟ್ಟಿದ್ದು 200ರ ಒಳಗೆ. ಫ್ರಿಜ್‌ನ ಅರ್ಧ ಹೊಟ್ಟೆಗೂ ಸಾಲದು. ಚಾರ್ಮಾಡಿಯ ಮಂಜು ನೋಡಲು ಚೆಂದ, ಆಪ್‌ನಲ್ಲಿ ಗ್ರಾಫ್ ನೋಡಿದರೆ ಅಳು ಬರುತ್ತದೆ.

ಮಳೆಗಾಲ ಬಿಟ್ಟರೂ ಮಲೆನಾಡಲ್ಲಿ ಇನ್ನೊಂದು ತೊಡಕು ನೆರಳು. ಇಲ್ಲಿ ಉಳಿಯುವ ಜಾಗ ಅಂದರೆ ಹೆಚ್ಚಾಗಿ ಕಾಫಿ ತೋಟ. ಕಾಫಿ ಬೆಳೆಯುವುದೇ ನೆರಳಲ್ಲಿ, ಎಲ್ಲಿ ನೋಡಿದರೂ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ಟ್ರೈಲರ್ ಒಳಗೆ ತಂಪಾಗಿರುತ್ತದೆ, ಫ್ರಿಜ್ ಕಮ್ಮಿ ಓಡುತ್ತದೆ, ಆದರೆ ಪ್ಯಾನೆಲ್‌ಗೆ ಏನೂ ಸಿಗುವುದಿಲ್ಲ. ತೋಟದಲ್ಲಿ ಬಿಸಿಲು ನೇರವಾಗಿ ಬೀಳುವ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ ಜನವರಿಯಲ್ಲಿ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಹತ್ತಿರ ಕೇಳಿದೆ, "ಕಣದಲ್ಲಿ ನಿಲ್ಲಿಸಬಹುದಾ?" ಅವರು ಟ್ರೈಲರ್ ನೋಡಿದರು, ಹರಡಿದ್ದ ಹಣ್ಣು ನೋಡಿದರು. "ಕಣ ತುಂಬಾ ಕಾಫಿ ಇದೆಯಲ್ಲ ಸಾರ್. ಬೇಕಾದ್ರೆ ನಿಮ್ಮ ಪ್ಲೇಟ್ ಒಂದು ತಂದು ಆ ಮೂಲೇಲಿ ಇಡಿ, ಹುಡುಗರು ಹಣ್ಣು ತಿರುವಿ ಹಾಕುವಾಗ ಅದನ್ನೂ ಬಿಸಿಲಿಗೆ ತಿರುಗಿಸ್ತಾರೆ" ಅಂದರು.

ತಮಾಷೆಗೆ ಹೇಳಿದ್ದಾದರೂ ಮಾತು ಸರಿಯಾಗೇ ಇತ್ತು. ಆಮೇಲೆ ಮಡಚುವ 100 ವ್ಯಾಟ್‌ನ ಪ್ಯಾನೆಲ್ ಒಂದು ತೆಗೆದುಕೊಂಡೆವು, ಜೊತೆಗೆ 10 ಮೀಟರ್ ವೈರು. ಟ್ರೈಲರ್ ಮರದ ಕೆಳಗೆ, ಪ್ಯಾನೆಲ್ ಬಿಸಿಲಲ್ಲಿ. ತೋಟದೊಳಗೆ ಚಾವಣಿಯ 330 ವ್ಯಾಟ್‌ಗಿಂತ ಈ 100 ವ್ಯಾಟ್ ಜಾಸ್ತಿ ಕೊಡುವ ದಿನಗಳು ಬೇಕಾದಷ್ಟಿವೆ. ಇದಕ್ಕೆ ಬೇರೆಯದೇ ಚಿಕ್ಕ ಕಂಟ್ರೋಲರ್ ಇಡಿ. ಚಾವಣಿ ಪ್ಯಾನೆಲ್‌ಗಳ ಜೊತೆ ಸೇರಿಸಿ ಕಟ್ಟಬೇಡಿ, ಒಂದು ನೆರಳಲ್ಲಿ ಒಂದು ಬಿಸಿಲಲ್ಲಿ ಇದ್ದರೆ ಎರಡಕ್ಕೂ ಹೊಂದಾಣಿಕೆ ಆಗುವುದಿಲ್ಲ.

ಚಾವಣಿಯ ಎರಡು ಪ್ಯಾನೆಲ್ ಸೀರೀಸ್ (ಒಂದರ ಹಿಂದೆ ಒಂದು) ಕಟ್ಟಿದರೆ ಒಳ್ಳೆಯದಾ, ಪ್ಯಾರಲಲ್ (ಅಕ್ಕಪಕ್ಕ) ಒಳ್ಳೆಯದಾ ಅಂತ ಕೇಳುವವರಿಗೆ: ನಮ್ಮ ಕಡೆಗೆ ನನ್ನ ಮತ ಸೀರೀಸ್‌ಗೆ. ಈ ಕಂಟ್ರೋಲರ್ ಕೆಲಸ ಶುರು ಮಾಡಬೇಕಾದರೆ ಪ್ಯಾನೆಲ್ ವೋಲ್ಟೇಜ್ ಬ್ಯಾಟರಿಗಿಂತ 5 ವೋಲ್ಟ್ ಮೇಲಿರಬೇಕು, ಆಮೇಲೆ 1 ವೋಲ್ಟ್ ಮೇಲಿದ್ದರೂ ಸಾಕು. ಬ್ಯಾಟರಿ 13.3ರಲ್ಲಿದ್ದರೆ 18.3 ಬೇಕು. 12 ವೋಲ್ಟ್ ಪ್ಯಾನೆಲ್‌ಗಳನ್ನು ಪ್ಯಾರಲಲ್ ಕಟ್ಟಿದರೆ ಮಂಜಿನ ಬೆಳಿಗ್ಗೆ ಇದು ಅಂಚಿನಲ್ಲೇ ಒದ್ದಾಡುತ್ತದೆ. ಸೀರೀಸ್‌ನಲ್ಲಿ ವೋಲ್ಟೇಜ್ ಎರಡರಷ್ಟು, ಬೆಳಕು ಹರಿದ ಸ್ವಲ್ಪ ಹೊತ್ತಿಗೇ ಚಾರ್ಜಿಂಗ್ ಶುರು. ಒಂದು ಪ್ಯಾನೆಲ್ ಮೇಲೆ ಕೊಂಬೆಯ ನೆರಳು ಬಿದ್ದರೆ ನಷ್ಟ ಇದ್ದೇ ಇದೆ, ನೆರಳಾದ ಭಾಗ ಬಿಟ್ಟು ಕರೆಂಟ್‌ಗೆ ಪಕ್ಕದ ದಾರಿ ಕೊಡುವ ಬೈಪಾಸ್ ಡಯೋಡ್ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ. ಪ್ಯಾನೆಲ್ ಓರೆ ಮಾಡುವ ಸ್ಟ್ಯಾಂಡ್‌ಗೆ ಖರ್ಚು ಮಾಡಬೇಡಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಚಪ್ಪಟೆ ಮಲಗಿಸಿದರೂ ಹೆಚ್ಚು ವ್ಯತ್ಯಾಸ ಇಲ್ಲ. ಅಡಿಯಲ್ಲಿ ಗಾಳಿಯಾಡಲು ಎರಡು ಬೆರಳು ಸಂದು ಬಿಡಿಸಿ, ಅದು ಮುಖ್ಯ. ಪ್ಯಾನೆಲ್ ಕಾದಷ್ಟೂ ಕರೆಂಟ್ ಕಮ್ಮಿ.

ಮಳೆಗಾಲದಲ್ಲಿ ನಮ್ಮನ್ನು ಕಾಪಾಡಿದ್ದು ಕಾರು. ಚಿಕ್ಕಮಗಳೂರಿಂದ ಬೇಲೂರು ಮೇಲೆ ಹಾಸನಕ್ಕೆ ಟ್ರೈಲರ್ ಎಳೆದುಕೊಂಡು ನಿಧಾನ ಹೋದರೆ ಒಂದೂವರೆ ಗಂಟೆ. 18 ಆಂಪಿಯರ್ ಲೆಕ್ಕದಲ್ಲಿ 27 ಆಂಪಿಯರ್-ಅವರ್ ಬ್ಯಾಟರಿಗೆ ಸೇರುತ್ತದೆ. ಫ್ರಿಜ್‌ಗೆ ಹೆಚ್ಚುಕಮ್ಮಿ ಒಂದು ದಿನದ ಊಟ, ಮಳೆ ಹೇಗೆ ಸುರಿದರೂ. ಕಾರಿನ ಬ್ಯಾಟರಿಯಿಂದ ನೇರ ವೈರ್ ಎಳೆದರೆ ಸಾಕು, ಚಾರ್ಜರ್ ಯಾಕೆ ಅನ್ನುವವರಿದ್ದಾರೆ. ಈಗಿನ ಕಾರುಗಳಲ್ಲಿ ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನ ವೋಲ್ಟೇಜ್ ಮೇಲೆ ಕೆಳಗೆ ಆಡುತ್ತಿರುತ್ತದೆ. ಲಿಥಿಯಂ ಬ್ಯಾಟರಿ ಬೇರೆ ಸಿಕ್ಕಿದಷ್ಟೂ ಎಳೆದು ಆಲ್ಟರ್ನೇಟರ್ ಬಿಸಿ ಮಾಡುತ್ತದೆ. ಚಾರ್ಜರ್ ಎರಡಕ್ಕೂ ಕಡಿವಾಣ.

ಈಗ ದೂರು. ಟ್ರೈಲರ್ ಮಾಡಿಕೊಟ್ಟವರ ಹೆಸರು ಬೇಡ. ಶುರುವಿನಲ್ಲಿ ರಾತ್ರಿ ಹೊತ್ತು ಫ್ರಿಜ್ ತಾನಾಗೇ ಆಫ್ ಆಗುತ್ತಿತ್ತು. ಬ್ಯಾಟರಿ 60 ಪರ್ಸೆಂಟ್ ಅಂತ ಮೀಟರ್ ಹೇಳುತ್ತಿದೆ, ಫ್ರಿಜ್ ಮಾತ್ರ ಲೋ ವೋಲ್ಟೇಜ್ ಅಂತ ಎರರ್ ತೋರಿಸುತ್ತಿದೆ. ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿಯ ಹತ್ತಿರ 13.1. ಕಂಪ್ರೆಸರ್ ಓಡುವಾಗ ಫ್ರಿಜ್‌ನ ಹತ್ತಿರ 11ಕ್ಕೂ ಕೆಳಗೆ. ನಡುವೆ ಇದ್ದದ್ದು 1.5 ಚದರ ಮಿ.ಮೀ.ನ ಐದು ಮೀಟರ್ ವೈರು, ಕೊನೆಯಲ್ಲಿ ಕಾರಿನ ಸಿಗರೇಟ್ ಲೈಟರ್ ಸಾಕೆಟ್. ಆ ವೈರಿನಲ್ಲಿ ಹೋಗಿ ಬರುವ ದಾರಿ 10 ಮೀಟರ್, 5 ಆಂಪಿಯರ್ ಹರಿದರೆ ಅರ್ಧ ವೋಲ್ಟ್‌ಗೂ ಮಿಕ್ಕಿ ಅಲ್ಲೇ ಕರಗುತ್ತದೆ. ಉಳಿದದ್ದನ್ನು ತಿಂದಿದ್ದು ಸಾಕೆಟ್‌ನ ಸಡಿಲ ಸ್ಪ್ರಿಂಗ್. ಪ್ಲಗ್ ಕಿತ್ತು ಮುಟ್ಟಿದರೆ ತುದಿ ಸುಡುತ್ತಿತ್ತು, ಪ್ಲಾಸ್ಟಿಕ್ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು. 6 ಚದರ ಮಿ.ಮೀ. ವೈರ್ ಎಳೆಸಿ, ಲೈಟರ್ ಸಾಕೆಟ್ ಕಿತ್ತು ಬಿಗಿಯಾಗಿ ಕೂರುವ ಆಂಡರ್ಸನ್ ಪ್ಲಗ್ ಹಾಕಿಸಿದ ಮೇಲೆ ಆ ಎರರ್ ಮತ್ತೆ ಬಂದಿಲ್ಲ.

ಅದೇ ಜನ ಪ್ಯಾನೆಲ್ ಲೈನಿಗೆ ಮನೆಗೆ ಹಾಕುವ ಸಾದಾ ಎಸಿ ಎಂಸಿಬಿ ಹಾಕಿದ್ದರು. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಬಿಡುವು ಇಲ್ಲ, ಸ್ವಿಚ್ ಬಿಡಿಸಿದರೂ ಕಿಡಿ ಉರಿಯುತ್ತಲೇ ಇರಬಹುದು. ಟ್ರೈಲರ್ ಡೆಲಿವರಿ ತೆಗೆದುಕೊಳ್ಳುವಾಗ ಎರಡು ಜಾಗ ನೋಡಿ: ಎಂಸಿಬಿ ಮೇಲೆ ಡಿಸಿ ಅಂತ ಬರೆದಿದೆಯಾ, ಬ್ಯಾಟರಿ ಪಾಸಿಟಿವ್‌ನ ಪಕ್ಕದಲ್ಲೇ ಫ್ಯೂಸ್ ಇದೆಯಾ. ಬಣ್ಣ, ಪರದೆ ಎಲ್ಲ ಆಮೇಲೆ.

ಶಂಟ್‌ಗೆ ಯಾಕೆ ಮೊದಲ ಜಾಗ ಕೊಟ್ಟೆ ಅಂದರೆ, ಈ ಜಾತಿಯ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಮುಕ್ಕಾಲು ತುಂಬಿದ್ದರೂ 13ರ ಆಸುಪಾಸು, ಅರ್ಧ ಆಗಿದ್ದರೂ 13ರ ಆಸುಪಾಸು. ನಾಲ್ಕು ಚುಕ್ಕಿ ಲೈಟ್ ಇರುವ ಮೀಟರ್ ಇದಕ್ಕೆ ಶುದ್ಧ ದಂಡ. ಶಂಟ್ ಬ್ಯಾಟರಿಯೊಳಗೆ ಇಣುಕುವುದಿಲ್ಲ, ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ ಬಂದದ್ದು ಹೋದದ್ದು ಬರೆದಿಡುತ್ತದೆ. ಅದರ ಕೊರತೆಯೂ ಇದೇ. ನಡುನಡುವೆ ಬ್ಯಾಟರಿ ಪೂರ್ತಿ ತುಂಬಿ ಲೆಕ್ಕ ತಾಳೆ ಆಗದಿದ್ದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಪೂರ್ತಿ ತುಂಬದೆ, 40 ಪರ್ಸೆಂಟ್ ತೋರಿಸುವ ಬ್ಯಾಟರಿ ನಿಜಕ್ಕೆ ಅದಕ್ಕಿಂತ ಕೆಳಗಿರಬಹುದು. ಹೋಮ್‌ಸ್ಟೇ ಪ್ಲಗ್ ಸಿಕ್ಕಾಗ 100ರವರೆಗೆ ತುಂಬಿಸಿಬಿಡಿ, ಒಳಗಿನ ಸೆಲ್‌ಗಳೂ ಆಗಲೇ ಒಂದು ಮಟ್ಟಕ್ಕೆ ಬರುವುದು. 20 ಆಂಪಿಯರ್‌ನ ಚಾರ್ಜರ್ ಎಳೆಯುವುದು 350 ವ್ಯಾಟ್‌ನಷ್ಟು, ಸಾದಾ 6 ಆಂಪಿಯರ್ ಪ್ಲಗ್ ಸಾಕು. ಮನೆಯವರಿಗೂ ಹೊರೆ ಅಲ್ಲ.

ನಮ್ಮ ಮನೆಯಲ್ಲಿ ಆಪ್ ನೋಡಿ ನೋಡಿ ಅಭ್ಯಾಸಗಳೂ ಬದಲಾದವು. ಇನ್ವರ್ಟರ್ ಸುಮ್ನೆ ಆನ್ ಇದ್ದರೂ 12 ವ್ಯಾಟ್ ತಿನ್ನುತ್ತದೆ ಅಂತ ಶಂಟ್ ತೋರಿಸಿತು. ದಿನಕ್ಕೆ 288 ವ್ಯಾಟ್-ಅವರ್, ಬ್ಯಾಟರಿಯ ಕಾಲು ಭಾಗದ ಹತ್ತಿರ, ಏನೂ ಕೆಲಸ ಮಾಡದೆ! ಈಗ ಕೆಲಸ ಮುಗಿದ ತಕ್ಷಣ ಆಫ್. ಫೋನು, ಲ್ಯಾಪ್‌ಟಾಪ್ ಎರಡಕ್ಕೂ 12 ವೋಲ್ಟ್‌ನಿಂದಲೇ ನೇರ ಚಾರ್ಜರ್. ಮಿಕ್ಸಿಗೆ ಹೆದರಬೇಡಿ. 500 ವ್ಯಾಟ್ ಅಂದರೂ ಚಟ್ನಿ ರುಬ್ಬುವ ಎರಡು ನಿಮಿಷಕ್ಕೆ ಹೋಗುವುದು 17 ವ್ಯಾಟ್-ಅವರ್ ಅಷ್ಟೇ. ಇಂಡಕ್ಷನ್ ಒಲೆ ಮಾತ್ರ ಮರೆತುಬಿಡಿ. 2000 ವ್ಯಾಟ್ ಅಂದರೆ ಬ್ಯಾಟರಿಯಿಂದ 160 ಆಂಪಿಯರ್‌ಗೂ ಮೇಲೆ, ನಮ್ಮ ಬ್ಯಾಟರಿಯೊಳಗೆ ಅದನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ 100ಕ್ಕೇ ಕೈ ಚೆಲ್ಲುತ್ತದೆ. ಗ್ಯಾಸ್ ಇದೆಯಲ್ಲ. ಏರ್ ಕಂಡೀಶನರ್ ಹಾಕಬಹುದಾ ಅಂತಲೂ ಕೇಳುತ್ತಾರೆ. ಚಿಕ್ಕಮಗಳೂರಿಗೆ ಬಂದು ಅದು ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಸಣ್ಣಪುಟ್ಟ ಕಿರಿಕಿರಿ: ಚಾವಣಿ ಮೇಲೆ ವೈರ್ ಒಳಗೆ ಇಳಿಯುವ ಗ್ಲ್ಯಾಂಡ್ ಮೊದಲ ಜೋರು ಮಳೆಗೇ ಸೋರಿತು, ಸೀಲಂಟ್ ಹಾಕಿಸಬೇಕಾಯಿತು. ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ಉಜ್ಜಿ ಮತ್ತೆ ಬಿಗಿ ಮಾಡಿಸಿ. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ. ಮಂಗಗಳು ಚಾವಣಿ ಮೇಲೆ ಕೂರುತ್ತವೆ, ಪ್ಯಾನೆಲ್‌ಗೆ ಏನೂ ಮಾಡಿಲ್ಲ, ಸಡಿಲ ಇದ್ದ ವೈರ್ ಕ್ಲಿಪ್ ಮಾತ್ರ ಕಿತ್ತುಕೊಂಡು ಹೋದವು.

ಬರೀ ಬಯಲುಸೀಮೆ ಕಡೆ ತಿರುಗುವವರಿಗೆ ನಾಲ್ಕೂವರೆ ಸ್ಟಾರ್ ಸೆಟಪ್ ಇದು. ಸಕಲೇಶಪುರ, ಮೂಡಿಗೆರೆ ಕಡೆಯವರು ಮೂರು ಅಂದುಕೊಳ್ಳಿ. ಚಾವಣಿಗೆ ಒಂದೇ ಪ್ಯಾನೆಲ್ ಹಾಕಿಸಿ, ಉಳಿದ ದುಡ್ಡಲ್ಲಿ ಮಡಚುವ ಪ್ಯಾನೆಲ್ ಮತ್ತು ದಪ್ಪ ವೈರ್ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹೋಗುವುದಿಲ್ಲ ಅನ್ನುವವರು ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್‌ನಲ್ಲಿಟ್ಟು, ಪ್ಯಾನೆಲ್ ಎಂಸಿಬಿ ಮತ್ತು ಮೇನ್ ಸ್ವಿಚ್ ಎರಡೂ ಆಫ್ ಮಾಡಿ ಶೆಡ್ಡಿಗೆ ಹಾಕಿ.